ಇಲಿ, ಮಂಗ ಹಿಡಿದು ಸೈಕಾಲಜಿಯಲ್ಲಿ ಪಿಎಚ್‌ಡಿ ಮಾಡಿದವರು ಅನುಭವ ಹೇಳ್ತೀರಾ?

ಕೊಪ್ಪಳದ ಹುಡುಗಿ:
ಎಂಎ ಸೈಕಾಲಜಿ ಮುಗಿದಿದೆ. ಉಪನ್ಯಾಸಕರ ಅರ್ಹತಾ ಪರೀಕ್ಷೆ ನೆಟ್ ಆಗಿದೆ, ಅದರಲ್ಲೇ ಸಿಗುವ ಸಂಶೋಧನಾ ಫೆಲೋಶಿಪ್ ಜೆಆರ್‌ಎಫ್ ಎರಡು ಸಲವೂ ಕೈತಪ್ಪಿತು. ಪ್ರಾಣಿಗಳ ಕಲಿಕೆ, ನೆನಪು ಇದರಲ್ಲೇ ಪಿಎಚ್‌ಡಿ ಮಾಡಿ, ಪಾಠ ಮಾಡಿಕೊಂಡು ಸಂಶೋಧನೆಯಲ್ಲಿ ಇರಬೇಕು ಅಂತ ಆಸೆ. ಅಪ್ಪನದು ಸಣ್ಣ ಕಿರಾಣಿ ಅಂಗಡಿ. ಅಮ್ಮ "ಬಿಎಡ್ ಮಾಡು, ಇಲಿ ಸಹವಾಸ ಯಾಕೆ" ಅಂತಾಳೆ. ಫೆಲೋಶಿಪ್ ಇಲ್ಲದೆ ಹೋಗಬಹುದಾ? ನಮ್ಮ ಕಡೆಯವರು ಹೋಗಿದ್ದರೆ ಹೇಳಿ.

ಬಳ್ಳಾರಿ ಇಲಿ ಮೇಷ್ಟ್ರು:
ಹೋಗಮ್ಮ ತಂಗಿ. ಆದರೆ ನನ್ನ ಕಥೆ ಕೇಳಿ ಹೋಗು. ನನಗೆ 6 ವರ್ಷ 4 ತಿಂಗಳು ಹಿಡಿಯಿತು. ಮಾರಿಸ್ ವಾಟರ್ ಮೇಜ್, ಅಂದರೆ ತೊಟ್ಟಿಯ ನೀರಲ್ಲಿ ಈಜುತ್ತಾ ಮುಳುಗಿದ ಕಟ್ಟೆಯನ್ನು ಇಲಿ ಹುಡುಕುವ ಪರೀಕ್ಷೆ; ವಿಷಯ ಮುದಿ ಇಲಿಗಳ ನೆನಪು. ನಮ್ಮ ವಿಭಾಗದಲ್ಲಿ ಅನಿಮಲ್ ಹೌಸ್ ಇರಲಿಲ್ಲ. ಪ್ರಾಣಿ ಪ್ರಯೋಗಗಳ ಮೇಲೆ ನಿಗಾ ಇಡುವ ಕೇಂದ್ರದ ಸಮಿತಿ ಸಿಪಿಸಿಎಸ್‌ಇಎ (ಈಗ ಸಿಸಿಎಸ್‌ಇಎ), ಅದರ ನೋಂದಣಿ ಇಲ್ಲದೆ ಒಂದು ಇಲಿಯನ್ನೂ ಮುಟ್ಟುವ ಹಾಗಿಲ್ಲ. ಒಂದು ಫಾರ್ಮಸಿ ಕಾಲೇಜಿನವರ ಕೈಕಾಲು ಹಿಡಿದೆ. ಅವರ ಎಥಿಕ್ಸ್ ಕಮಿಟಿ ಸಭೆ ಸೇರುವುದಕ್ಕೇ 7 ತಿಂಗಳು. ಸೇರಿದ ಮೇಲೆ "48 ಇಲಿ ಯಾಕೆ, 36 ಸಾಲದಾ" ಅಂತ ಅರ್ಜಿ ವಾಪಸ್. ಮತ್ತೆ 4 ತಿಂಗಳು.

ತೊಟ್ಟಿ ನಾನೇ ಮಾಡಿಸಿದೆ. ಒಂದೂವರೆ ಮೀಟರ್ ಅಗಲದ ಫೈಬರ್ ತೊಟ್ಟಿ, 14,500 ರೂಪಾಯಿ. ದಿನಾ 600 ಲೀಟರ್ ನೀರು ಬದಲಿಸಬೇಕು. ಬೇಸಿಗೆಯಲ್ಲಿ ಬಳ್ಳಾರಿಯ ನಲ್ಲಿ ನೀರಿನ ಕಥೆ ಇಲ್ಲಿನವರಿಗೆ ಹೇಳಬೇಕಾ? ಟ್ಯಾಂಕರ್ ದುಡ್ಡೂ ನನ್ನದೇ. ನೀರೊಳಗಿನ ಕಟ್ಟೆ ಕಾಣಬಾರದು ಅಂತ ಹಾಲಿನ ಪುಡಿ ಕಲಸುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಹುಳಿ ವಾಸನೆ. ಪಕ್ಕದ ಕ್ಲಾಸಿನವರು ಬಾಗಿಲು ಹಾಕಿಕೊಳ್ಳುತ್ತಿದ್ದರು.

ಏಪ್ರಿಲ್‌ನಲ್ಲಿ ಎಸಿ ಕೈಕೊಟ್ಟಿತು. ಇಲಿಗೆ 22-24 ಡಿಗ್ರಿ ಬೇಕು, ಹೊರಗೆ 42. ಶನಿವಾರ, ಭಾನುವಾರ ಯಾರೂ ಬಂದಿರಲಿಲ್ಲ. ಸೋಮವಾರ ಹೋದರೆ 11 ಇಲಿ ಸತ್ತು ಬಿದ್ದಿದ್ದವು. ಎಲ್ಲಾ 18 ತಿಂಗಳು ಸಾಕಿ ಮುದಿ ಮಾಡಿದವು. ಮತ್ತೆ 18 ತಿಂಗಳು ಕಾಯಬೇಕು, ಬೇರೆ ದಾರಿಯೇ ಇಲ್ಲ.

ಆದರೂ ಒಂದು ದಿನ ಮರೆಯಲ್ಲ. ಐದು ದಿನ ಕಲಿಸಿ ಆರನೇ ದಿನ ಕಟ್ಟೆ ತೆಗೆದಿದ್ದೆ. ಮುದಿ ಇಲಿಯೊಂದು ಕಟ್ಟೆ ಇದ್ದ ಜಾಗದಲ್ಲೇ ಸುತ್ತಿ ಸುತ್ತಿ ಹುಡುಕಿತು. ನನ್ನ ಕಣ್ಣಲ್ಲಿ ನೀರು. ಈಗ ಅತಿಥಿ ಉಪನ್ಯಾಸಕ. ಬಿಎಡ್ ಮಕ್ಕಳಿಗೆ ಪಾವ್ಲೋವ್‌ನನ್ನು ಒಂದೇ ಪೀರಿಯಡ್‌ನಲ್ಲಿ ಮುಗಿಸುತ್ತೇನೆ.

ರಾಯಚೂರು ಅಕ್ಕ:
ಇಷ್ಟೆಲ್ಲಾ ಆದ ಮೇಲೂ "ಹೋಗು" ಅಂತೀರಲ್ಲ ಸರ್, ನಿಮ್ಮ ಬಾಯಿಗೆ ಏನು ಹೇಳಲಿ? ನನ್ನ ಗೈಡ್ ಎರಡನೇ ವರ್ಷ ನಿವೃತ್ತಿ ಆದರು. ಹೊಸಬರು ಬಂದು "ಇಲಿ ಗಿಲಿ ಬೇಡಮ್ಮ, ಹದಿಹರೆಯದವರ ಪರೀಕ್ಷಾ ಭಯ ಅಂತ ಮಾಡು, ಪ್ರಶ್ನಾವಳಿ ಹಂಚಿದರೆ ಆಯಿತು" ಅಂದರು. ಎರಡು ವರ್ಷ ಓದಿದ್ದೆಲ್ಲ ಮಣ್ಣುಪಾಲು. ಡೈರಿಯಲ್ಲಿ ಲೆಕ್ಕ ಇದೆ. ರೂಮ್ ಬಾಡಿಗೆ 96,000. ಫೀ 61,400. ಸೆಮಿನಾರ್ ಓಡಾಟ 38,250. ಇಲಿ ಸನ್ನೆ ಒತ್ತಿದರೆ ಕಾಳು ಬೀಳುವ ಪ್ರಯೋಗದ ಪೆಟ್ಟಿಗೆ, ಸ್ಕಿನ್ನರ್ ಬಾಕ್ಸ್‌ಗೆ ಮೂರು ಕೊಟೇಶನ್ ತರಿಸಿದ್ದು, ಕೊರಿಯರ್ ಸೇರಿ 1,140. ಬಾಕ್ಸ್ ಬರಲೇ ಇಲ್ಲ! ಅಪ್ಪ ಎರಡು ಎಕರೆ ಹತ್ತಿ ಹೊಲ ಲಾವಣಿಗೆ, ಅಂದರೆ ಗುತ್ತಿಗೆಗೆ, ಹಾಕಿ ಕೊಟ್ಟ ದುಡ್ಡು ಅದು. ಬಿಟ್ಟು ಬಂದು ಕೌನ್ಸೆಲಿಂಗ್ ಶುರು ಮಾಡಿದೆ. ಹೊಲ ವಾಪಸ್ ಬಂದಿದೆ. ನನಗೇನೂ ಪಶ್ಚಾತ್ತಾಪ ಇಲ್ಲ.

ಬಳ್ಳಾರಿ ಇಲಿ ಮೇಷ್ಟ್ರು:
ಪಶ್ಚಾತ್ತಾಪ ಇಲ್ಲದವರು ಕೊರಿಯರ್ ಲೆಕ್ಕ ಇಟ್ಟುಕೊಂಡಿರುವುದಿಲ್ಲ ಮೇಡಂ.

ರಾಯಚೂರು ಅಕ್ಕ:
ಸತ್ತ ಇಲಿ ಎಣಿಸಿಕೊಂಡು ಕೂತವರು ನನಗೆ ಹೇಳಬೇಡಿ.

ಗಂಗಾವತಿ ಅಣ್ಣ:
ಇಬ್ಬರೂ ಸ್ವಲ್ಪ ಸುಮ್ನಿರಿ. ಪಂಜರ ಯಾಕೆ ಬೇಕು? ಮೈಸೂರು ವಿವಿಯ ಸೈಕಾಲಜಿ ವಿಭಾಗದಲ್ಲೇ ಇದ್ದು ಮೇವಾ ಸಿಂಗ್ ಅವರು ಕಾಡಿನ ಸಿಂಗಳೀಕಗಳನ್ನು ವರ್ಷಗಟ್ಟಲೆ ನೋಡಲಿಲ್ವಾ? ನಾನು ಅಂಜನಾದ್ರಿ ಕಡೆ ಮಂಗಗಳ ಹಿಂದೆ ಬಿದ್ದೆ. 34 ಮಂಗಗಳ ಮುಖ ಗುರುತು ಹಿಡಿಯಲು ನಾಲ್ಕು ತಿಂಗಳು. ಬೈನಾಕ್ಯುಲರ್ 9,500. ಮೂರನೇ ವಾರ ಒಂದು ಗಂಡು ಮಂಗ ನೋಟ್‌ಬುಕ್ ಕಸಿದು ಬಂಡೆ ಮೇಲೆ ಕೂತು ಒಂದೊಂದೇ ಹಾಳೆ ಹರಿಯಿತು. 19 ದಿನದ ಬರವಣಿಗೆ ಹೋಯಿತು. ಪ್ಲಾಸ್ಟಿಕ್ ಕವರ್ ಸದ್ದಾದರೆ ಸಾಕು, ಓಡಿ ಬರುತ್ತವೆ. ಬಟ್ಟೆ ಚೀಲಕ್ಕೆ ಅಷ್ಟಿಲ್ಲ. ಇದಕ್ಕಿಂತ ಕಲಿಕೆ ಬೇಕಾ?

ಬಳ್ಳಾರಿ ಇಲಿ ಮೇಷ್ಟ್ರು:
ಅದು ಪ್ರವಾಸ, ಪ್ರಯೋಗ ಅಲ್ಲ. ಯಾವ ಮಂಗ ಯಾವಾಗ ಕಲಿಯಿತು, ಅಪ್ಪನನ್ನು ನೋಡಿ ಕಲಿಯಿತೋ ತಾನೇ ಕಲಿಯಿತೋ, ಹೇಗೆ ಹೇಳುತ್ತೀರಿ? ಜಾನ್ ಗಾರ್ಸಿಯಾ 1966ರಲ್ಲಿ ತೋರಿಸಿದ್ದು ನೆನಪಿಸಿಕೊಳ್ಳಿ. ಹೊಟ್ಟೆ ಕೆಟ್ಟರೆ ಇಲಿ ರುಚಿಯನ್ನು ದೂರುತ್ತದೆ, ಬೆಳಕು, ಸದ್ದನ್ನಲ್ಲ. ಇದನ್ನು ಬೆಟ್ಟದ ಮೇಲೆ ಕೂತು ಕಂಡುಹಿಡಿಯಲು ಆಗುತ್ತಾ?

ಸಿಂಧನೂರು ಗದ್ದೆ:
ನಾನು ರೈತ, ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಬತ್ತದ ಗದ್ದೆಯಲ್ಲಿ ಎರಡು ದಿನ ಬರೀ ನುಚ್ಚು, ಎಣ್ಣೆ ಕಲಸಿ ಬಿಲದ ಹತ್ತಿರ ಇಡುತ್ತೇವೆ. ಅದಕ್ಕೆ ರೂಢಿ ಆದ ಮೇಲೆ ಜಿಂಕ್ ಫಾಸ್ಫೈಡ್ ಬೆರೆಸುತ್ತೇವೆ. ಮೊದಲ ದಿನವೇ ಪಾಷಾಣ ಇಟ್ಟರೆ ಸ್ವಲ್ಪ ಕಚ್ಚಿ, ಬದುಕಿಕೊಂಡು, ಆಮೇಲೆ ಅದರ ಹತ್ತಿರ ಸುಳಿಯುವುದೇ ಇಲ್ಲ. ಇದಕ್ಕೆ ಪಿಎಚ್‌ಡಿ ಬೇಕಾ ಸರ್?

ಬಳ್ಳಾರಿ ಇಲಿ ಮೇಷ್ಟ್ರು:
ಅದೇ ನಾನು ಹೇಳಿದ್ದು! ಗೊತ್ತಿರುವುದು ಬೇರೆ, ಯಾಕೆ ಅಂತ ತೋರಿಸುವುದು ಬೇರೆ.

ಗಂಗಾವತಿ ಅಣ್ಣ:
ಗದ್ದೆಯಲ್ಲಿ ನೋಡಿಯೇ ಗೊತ್ತಾಗಿದ್ದು ಅಲ್ವಾ? ಪಂಜರದಲ್ಲಿ ಅಲ್ಲವಲ್ಲ.

ರಾಯಚೂರು ಅಕ್ಕ:
ಹುಡುಗಿ ಕೇಳಿದ್ದು ದುಡ್ಡಿನ ಬಗ್ಗೆ. ಜೆಆರ್‌ಎಫ್ ಇದ್ದವರಿಗೆ ತಿಂಗಳಿಗೆ 37,000. ಇಲ್ಲದವರಿಗೆ ಅಪ್ಪನ ಗಲ್ಲಾಪೆಟ್ಟಿಗೆ. ನಮ್ಮ ಕಲ್ಯಾಣ ಕರ್ನಾಟಕದವರಿಗೆ ಇರುವ ಮೀಸಲಾತಿಯ 371(ಜೆ) ಸರ್ಟಿಫಿಕೇಟ್ ಮಾಡಿಸಿಟ್ಟುಕೋ ತಂಗಿ, ಮುಂದೆ ಪೋಸ್ಟ್ ಕರೆದಾಗ ಅದಾದರೂ ಕೈ ಹಿಡಿಯುತ್ತೆ. ನನ್ನ ಅರ್ಜಿ ಹೆಸರಿನ ಒಂದು ಅಕ್ಷರ ತಪ್ಪಿದ್ದಕ್ಕೆ ಮೂರು ಸಲ ವಾಪಸ್ ಬಂತು, ಆ ಕಥೆ ಬೇರೆ.

ಕೊಪ್ಪಳದ ಹುಡುಗಿ:
ಎಲ್ಲರಿಗೂ ಧನ್ಯವಾದ. ಜೆಆರ್‌ಎಫ್‌ಗೆ ಇನ್ನೊಂದು ಸಲ ಬರೆಯಲಾ, ಅಥವಾ ಈ ವರ್ಷವೇ ಸೇರಲಾ? ಅದೊಂದು ಹೇಳಿದರೆ ಸಾಕು.

ಸಿಂಧನೂರು ಗದ್ದೆ:
ಮೇಷ್ಟ್ರೇ, ದಿನಾ 600 ಲೀಟರ್‌ಗೆ ಹಾಲಿನ ಪುಡಿ ಎಷ್ಟು ಹಿಡಿಯುತ್ತಿತ್ತು?

ಬಳ್ಳಾರಿ ಇಲಿ ಮೇಷ್ಟ್ರು:
ಒಂದೂವರೆ ಕೆಜಿ. ಆಮೇಲೆ ವಿಷವಿಲ್ಲದ ಬಿಳಿ ಬಣ್ಣಕ್ಕೆ ಬದಲಾದೆ. ಎರಡು ವರ್ಷ ತಡವಾಗಿ.