ಸೆಕ್ಯುರಿಟಿ ಕೌನ್ಸಿಲ್‌ನಲ್ಲಿ ಮಗಳಿಗೆ ಯುಎಇ ಸಿಕ್ಕಿದೆ, ರೋಲ್ ಕಾಲ್‌ಗೆ ಏನು ಹೇಳಬೇಕು?

ಡೊಂಬಿವಲಿ ಅಮ್ಮ:
ಎಲ್ಲರಿಗೂ ನಮಸ್ಕಾರ. ಮಗಳು ಒಂಬತ್ತನೇ ಕ್ಲಾಸು. ಬರುವ ಶನಿವಾರ ಪುಣೆಯ ಒಂದು ಶಾಲೆಯಲ್ಲಿ ಎಂಯುಎನ್ ಇದೆ, ಅಂದರೆ ಮಕ್ಕಳು ಒಂದೊಂದು ದೇಶದ ಪ್ರತಿನಿಧಿಯಾಗಿ ಕೂರುವ ಅಣಕು ವಿಶ್ವಸಂಸ್ಥೆ. ಅವಳಿಗೆ ಇದೇ ಮೊದಲು. ವಿಷಯ ಉಕ್ರೇನ್, ಫ್ರೀಜ್ ಡೇಟ್ 2022ರ ಫೆಬ್ರವರಿ 24. ಅದರ ಆಚೆಗೆ ನಡೆದದ್ದನ್ನು ಎತ್ತುವ ಹಾಗಿಲ್ಲವಂತೆ. ವಿಷಯವೇನೋ ಚೆನ್ನಾಗಿ ಓದಿಕೊಂಡಿದ್ದಾಳೆ, ಆದರೆ ರೂಲ್ಸ್ ಪುಸ್ತಕ ತೆಗೆದರೆ ಅಳೋದೊಂದು ಬಾಕಿ. ರೋಲ್ ಕಾಲ್‌ನಲ್ಲಿ "ಪ್ರೆಸೆಂಟ್" ಅನ್ನಬೇಕೋ "ಪ್ರೆಸೆಂಟ್ ಅಂಡ್ ವೋಟಿಂಗ್" ಅನ್ನಬೇಕೋ? ಎರಡನೆಯದರಲ್ಲೇ ಗತ್ತು ಜಾಸ್ತಿ ಅಂತ ಗೆಳತಿಯರು ತಲೆಗೆ ತುಂಬಿದ್ದಾರೆ. ನಾಲ್ಕು ಜನ ಒಟ್ಟಿಗೆ ಮೋಷನ್ (ಸಭೆ ಮುಂದೆ ಹೇಗೆ ನಡೆಯಬೇಕು ಅನ್ನುವ ಸೂಚನೆ) ಎತ್ತಿದರೆ ಯಾವುದು ಮೊದಲು? ಬ್ಯಾಂಕಿನ ಸರ್ಕ್ಯುಲರ್ ಓದಿ ಓದಿ ಪಳಗಿದ ನನಗೂ ತಲೆಬುಡ ತಿಳಿಯಲಿಲ್ಲ.

ಕೊತ್ರೂಡ್ ಹುಡುಗ:
ಅಕ್ಕಾ, ಗತ್ತು ಬೇಡ, "ಪ್ರೆಸೆಂಟ್" ಅನ್ನಲಿ. ನಾನು ಇಲ್ಲಿ ಇಂಜಿನಿಯರಿಂಗ್ ಓದುತ್ತಾ ಶಾಲೆಗಳ ಎಂಯುಎನ್‌ನಲ್ಲಿ ಚೇರ್ ಆಗಿ, ಅಂದರೆ ಸಭೆ ನಡೆಸುವವನಾಗಿ, ಕೂರುತ್ತೇನೆ. ಮೊದಲ ಸಲ ಬಂದವರೆಲ್ಲ ಎದೆಯುಬ್ಬಿಸಿ "ಅಂಡ್ ವೋಟಿಂಗ್" ಅಂತಾರೆ. ಹಾಗಂದರೆ ಕೊನೆಗೆ ರೆಸಲ್ಯೂಷನ್ (ನಿರ್ಣಯ) ಮತಕ್ಕೆ ಬಂದಾಗ ಯೆಸ್ ಅಥವಾ ನೋ ಅನ್ನಲೇಬೇಕು. ತಟಸ್ಥ ಅನ್ನುವ ಬಾಗಿಲು ಬೆಳಿಗ್ಗೆಯೇ ಮುಚ್ಚಿತು.

ಯುಎಇಗೆ ಆ ಬಾಗಿಲು ಬೇಕೇ ಬೇಕು. 2022ರ ಫೆಬ್ರವರಿ 25ರಂದು ನಿಜವಾದ ಕೌನ್ಸಿಲ್‌ನಲ್ಲಿ ಅಮೆರಿಕ, ಅಲ್ಬೇನಿಯಾ ತಂದ ಕರಡು ನಿರ್ಣಯಕ್ಕೆ 11 ದೇಶ ಯೆಸ್ ಅಂದವು, ರಷ್ಯಾ ನೋ ಅಂದಿತು. ಚೀನಾ, ಭಾರತ, ಯುಎಇ ತಟಸ್ಥ. ರಷ್ಯಾದ ನೋ ಅಂದರೆ ವೀಟೋ, ಕರಡು ಬಿದ್ದುಹೋಯಿತು. ಮಜಾ ಇರೋದು ಮುಂದೆ. 27ರಂದು ವಿಷಯವನ್ನು ಜನರಲ್ ಅಸೆಂಬ್ಲಿಯ ತುರ್ತು ಅಧಿವೇಶನಕ್ಕೆ ಕಳಿಸೋಣವೇ ಅಂತ ಮತ ಹಾಕಿದರು. ಮತ್ತೆ ಅದೇ 11, ಅದೇ 1, ಅದೇ 3. ಈ ಸಲ ಪಾಸ್! ಯಾಕೆಂದರೆ ಅದು ಪ್ರೊಸೀಜರಲ್ ಮತ, ಅಂದರೆ ಕಲಾಪ ಹೇಗೆ ನಡೆಯಬೇಕು ಅನ್ನುವುದರ ಮೇಲಿನ ಮತ. ಅದಕ್ಕೆ ವೀಟೋ ನಡೆಯಲ್ಲ, 15ರಲ್ಲಿ 9 ಸಿಕ್ಕರೆ ಆಯಿತು. ಇದನ್ನು ಮಗಳಿಗೆ ಕೂರಿಸಿ ಹೇಳಿ. ಫ್ರೀಜ್ ಡೇಟ್ ಇರೋದರಿಂದ ಭಾಷಣದಲ್ಲಿ ಮಾತ್ರ ಎತ್ತಬಾರದು.

ಇನ್ನೊಂದು ವಿಷಯ. ಎಂಯುಎನ್‌ನಲ್ಲಿ ಪ್ರೊಸೀಜರಲ್ ಮತಕ್ಕೆ, ಅಂದರೆ ಮೋಷನ್‌ಗಳಿಗೆ, ಯಾರೂ ತಟಸ್ಥ ಅನ್ನುವ ಹಾಗಿಲ್ಲ. ಬರೀ "ಪ್ರೆಸೆಂಟ್" ಅಂದವರೂ ಯೆಸ್‌ಗೋ ನೋಗೋ ದೇಶದ ಹೆಸರಿನ ಪ್ಲಕಾರ್ಡ್ ಎತ್ತಲೇಬೇಕು.

ಮೋಷನ್‌ಗಳಲ್ಲಿ ಯಾರು ಮೊದಲು ಕೈ ಎತ್ತಿದರು ಅನ್ನೋದು ಮುಖ್ಯ ಅಲ್ಲ. ನಡೆಯುತ್ತಿರುವ ಚರ್ಚೆಯನ್ನು ಯಾವುದು ಹೆಚ್ಚು ಕದಲಿಸುತ್ತೋ ಅದು ಮೊದಲು. ಹಾಗಾಗಿ ಸಾಮಾನ್ಯವಾಗಿ ಮಾಡ್‌ಗಿಂತ (ಒಂದು ವಿಷಯದ ಮೇಲೆ ಚೇರ್ ಕರೆದವರು ಒಬ್ಬೊಬ್ಬರಾಗಿ ಮಾತಾಡೋದು) ಅನ್‌ಮಾಡ್ (ಎದ್ದು ಓಡಾಡಿ ತಮ್ಮತಮ್ಮಲ್ಲೇ ಮಾತಾಡೋದು) ಮುಂದೆ. ಮಾಡ್ ಕೇಳುವಾಗ ವಿಷಯ, ಒಟ್ಟು ಸಮಯ, ತಲಾ ಸಮಯ ಮೂರೂ ಒಂದೇ ಉಸಿರಿಗೆ ಹೇಳಬೇಕು. 10 ನಿಮಿಷಕ್ಕೆ ತಲಾ 45 ಸೆಕೆಂಡ್ ಅಂದರೆ ಭಾಗ ಹೋಗಲ್ಲ, ಚೇರ್ ವಾಪಸ್ ಕಳಿಸ್ತಾರೆ. ತಲಾ 60 ಅನ್ನಲಿ.

ಮಾಟುಂಗಾ ಮಾವ:
ನಮ್ಮ ಕಾಲದಲ್ಲಿ ಕಾಲೇಜಿನಲ್ಲಿ ಅಣಕು ಸಂಸತ್ತು ಇತ್ತು, ಮೇಜು ಕುಟ್ಟಿದವನೇ ಗೆದ್ದ. ಈ ಮಾಡು, ಅನ್‌ಮಾಡು ಎಲ್ಲ ನಿಜವಾದ ವಿಶ್ವಸಂಸ್ಥೆಯಲ್ಲೂ ಉಂಟೇನಪ್ಪಾ?

ಕೊತ್ರೂಡ್ ಹುಡುಗ:
ಮಾಡ್ ಇಲ್ಲ ಮಾವ. ಎಂಯುಎನ್ ರೂಲ್ಸ್‌ನಲ್ಲಿ ಹೆಚ್ಚಿನದು ಅಮೆರಿಕದ ಸಭಾ ನಿಯಮಗಳಿಂದ ಬಂದದ್ದು. ಅನ್‌ಮಾಡ್ ಮಾತ್ರ ಅಲ್ಲಿ ಕಾರಿಡಾರಿನಲ್ಲಿ ದಿನವಿಡೀ ನಡೆಯುತ್ತೆ, ಮೋಷನ್ ಗೀಷನ್ ಇಲ್ಲದೆ.

ಮಡಗಾಂವ್ ಟೀಚರ್:
ಒಂದು ಸೇರಿಸುತ್ತೇನೆ. ಮಗು ಮುಂದೆ ಜನರಲ್ ಅಸೆಂಬ್ಲಿಗೆ ಹೋದರೆ ಲೆಕ್ಕವೇ ಬೇರೆ. ಅಲ್ಲಿ ತಟಸ್ಥರನ್ನು ಮತ ಹಾಕಿದವರೆಂದೇ ಹಿಡಿಯಲ್ಲ, ಯೆಸ್ ಮತ್ತು ನೋ ಮಾತ್ರ ಎಣಿಕೆ. ಕೌನ್ಸಿಲ್‌ನಲ್ಲಿ 9 ಯೆಸ್ ಬೇಕಾದ್ದರಿಂದ 7 ಜನ ಸುಮ್ನೆ ತಟಸ್ಥ ಅಂದರೂ ವೀಟೋ ಇಲ್ಲದೆಯೇ ಕರಡು ಸಾಯುತ್ತದೆ. ಅನ್‌ಮಾಡ್‌ನಲ್ಲಿ ಗಟ್ಟಿ ದನಿಯ ಹುಡುಗರು ಕಾಗದ ಕಿತ್ತುಕೊಂಡು ತಾವೇ ಬರೆಯಲು ಶುರು ಮಾಡುತ್ತಾರೆ. ಈ ಲೆಕ್ಕ ಗೊತ್ತಿರುವ ಮಗು ಮೂಲೆಯಲ್ಲಿ ನಿಂತು ಆರು ಜನರನ್ನು ಮಾತಾಡಿಸಿದರೆ ಅವರೇ ಹುಡುಕಿಕೊಂಡು ಬರುತ್ತಾರೆ.

ಡೊಂಬಿವಲಿ ಅಮ್ಮ:
ಇಬ್ಬರಿಗೂ ಥ್ಯಾಂಕ್ಸ್. ಅವಳೇ ಪಕ್ಕದಲ್ಲಿ ಕೂತು ಕೇಳಿಸುತ್ತಿದ್ದಾಳೆ: ಯಾರದೋ ಕರಡು ನಿರ್ಣಯಕ್ಕೆ ಸಿಗ್ನೇಟರಿ ಅಂತ ಸಹಿ ಹಾಕಿದರೆ ಆಮೇಲೆ ತಟಸ್ಥ ಅನ್ನಬಹುದಾ?

ಕೊತ್ರೂಡ್ ಹುಡುಗ:
ಖಂಡಿತ ಅನ್ನಬಹುದು ಪುಟ್ಟಾ. ಸಿಗ್ನೇಟರಿ ಅಂದರೆ "ಇದು ಚರ್ಚೆಗೆ ಬರಲಿ" ಅಂತಷ್ಟೇ, ಒಪ್ಪಿಗೆ ಅಲ್ಲ. ಬೇಕಿದ್ದರೆ ನೋ ಕೂಡ ಅನ್ನು. ಸ್ಪಾನ್ಸರ್, ಅಂದರೆ ಕರಡು ತಂದವರಲ್ಲಿ ಒಬ್ಬಳು, ಅಂತ ಹೆಸರು ಬರೆಸಿಕೊಳ್ಳುವ ಮುಂಚೆ ಮಾತ್ರ ಅದರ ಕೊನೆಯ ಕಲಮಿನವರೆಗೂ ಓದು. ಮತ್ತೆ ಮೈಕ್‌ನಲ್ಲಿ "ಐ" ಅನ್ನಬೇಡ, "ಯುಎಇ" ಅನ್ನು. ಬಹಳ ಚೇರ್‌ಗಳು ಅಲ್ಲೇ ತಡೆದು ನಿಲ್ಲಿಸುತ್ತಾರೆ, ನಾನೂ ಸೇರಿದಂತೆ.