ಐದು ನಿಮಿಷದ ಹಲ್ಲು

ಶ್ರೀಧರ ಚಿಕ್ಕಪ್ಪ: (ಫಾರ್ವರ್ಡ್) ‘ಬುದ್ಧಿಹಲ್ಲು ಕೀಳೋಕೆ 5 ನಿಮಿಷ ಸಾಕು. ಗಂಟೆಗಟ್ಟಲೆ ಬಾಯಿ ತೆರೆಸಿ ಕೂರಿಸಿದರೆ ಆ ಡಾಕ್ಟರಿಗೆ ಕೈ ಪಳಗಿಲ್ಲ ಅಂತ ತಿಳಿಯಿರಿ. ಎಲ್ಲರಿಗೂ ಕಳಿಸಿ.’

ಪವನ್: ಚಿಕ್ಕಪ್ಪ, ನಾಡಿದ್ದು ನಂದು ಕೀಳಿಸೋದಿದೆ. ಡಾಕ್ಟರು ಒಂದು ಗಂಟೆ ಬೇಕು ಅಂದಿದ್ದಾರೆ. ಈಗಲೇ ಹಾಕಬೇಕಿತ್ತಾ ಇದನ್ನ!

ಶ್ರೀಧರ ಚಿಕ್ಕಪ್ಪ: ಬೇರೆ ಕಡೆ ತೋರಿಸು. ನಂಗೆ ಇಂಜೆಕ್ಷನ್ ಕೊಟ್ರು, ಇಕ್ಕಳ ಹಾಕಿದ್ರು, ಮುಗೀತು.

ವಸಂತತ್ತೆ: ನಂದು ಮುಕ್ಕಾಲು ಗಂಟೆ ಆಯ್ತು. ನನ್ನ ಡಾಕ್ಟರಿಗೆ ಕೈ ಪಳಗಿರಲಿಲ್ವಾ? ನಿನ್ನ ಹೆಂಡತಿ ಹಲ್ಲು ನೋಡಿದ್ದೂ ಅವರೇ, ಮರೀಬೇಡ.

ಮೇಘನಾ: ಚಿಕ್ಕಪ್ಪ, ನಿಮ್ಮದು ಮೇಲಿನದಾ ಕೆಳಗಿನದಾ?

ಶ್ರೀಧರ ಚಿಕ್ಕಪ್ಪ: ಮೇಲಿಂದು. ಯಾವುದಾದ್ರೇನು, ಹಲ್ಲು ಹಲ್ಲೇ.

ಮೇಘನಾ: ದಿನಾ ಅದನ್ನೇ ಕೀಳೋಳು ನಾನು, ಕೇಳಿ. ಮೇಲಿನ ದವಡೆ ಮೂಳೆ ತೆಳು, ಮೆದು. ಪೂರ್ತಿ ಹೊರಗೆ ಬಂದ ಹಲ್ಲಾದ್ರೆ ಅಲ್ಲಾಡಿಸಿದ ಹಾಗೆ ಜಾಗ ಬಿಡುತ್ತೆ. ಕೆಳಗಿನ ಮೂಳೆ ಗಟ್ಟಿ. ಅದರಲ್ಲೂ ಹಲ್ಲು ಪಕ್ಕದ್ದಕ್ಕೆ ಒರಗಿಕೊಂಡೋ ಅಡ್ಡಡ್ಡ ಮಲಗಿಯೋ ಇದ್ರೆ ಇಕ್ಕಳಕ್ಕೆ ಹಿಡಿಯೋಕೇ ಏನೂ ಸಿಗಲ್ಲ. ವಸಡು ಸೀಳಿ, ಸುತ್ತ ಸ್ವಲ್ಪ ಮೂಳೆ ಕೊರೆದು, ಹಲ್ಲನ್ನ ಎರಡು ಮೂರು ತುಂಡು ಮಾಡಿ ತೆಗೆದು, ತೊಳೆದು ಹೊಲಿಗೆ ಹಾಕಬೇಕು. ಸಾಮಾನ್ಯವಾಗಿ 20ರಿಂದ 40 ನಿಮಿಷ. ಬೇರು ಕೊಂಕಿದ್ರೆ ಗಂಟೆ ದಾಟಿದ್ದೂ ಇದೆ. ಅಲ್ಲಿ ಆತುರ ಮಾಡೋರೇ ಕೈ ಪಳಗದವರು.

ಶ್ರೀಧರ ಚಿಕ್ಕಪ್ಪ: ಅಂದ್ರೆ ನಾನು ಸುಳ್ಳು ಹೇಳ್ತಿದ್ದೀನಾ?

ಮೇಘನಾ: ಇಲ್ಲ, ನಿಮ್ಮ ಹಲ್ಲು ಒಳ್ಳೇದು ಅಷ್ಟೇ. ಆದ್ರೆ ಇಂಜೆಕ್ಷನ್ ಆದ್ಮೇಲೆ ಮರಗಟ್ಟೋಕೇ 5-10 ನಿಮಿಷ ಬೇಕು. ಅದನ್ನ ಲೆಕ್ಕ ಹಿಡಿದ್ರಾ?

ದೊಡ್ಡಪ್ಪ: ಹೊರಗೆ ಕೂತಿದ್ದೋನು ನಾನು. ಅರ್ಧ ಗಂಟೆ ಆಗಿತ್ತು. ಸೂಜಿ ನೋಡಿದ ತಕ್ಷಣ ಶ್ರೀಧರ ಹೊರಗೆ ಬಂದು ನೀರು ಕುಡಿದದ್ದು ಬೇರೆ.

ವಸಂತತ್ತೆ: ಹಹಹ! ಇದನ್ನೂ ಫಾರ್ವರ್ಡ್ ಮಾಡೋ ಶ್ರೀಧರ.

ಪವನ್: ಅಕ್ಕ, ಎಕ್ಸ್‌ರೇ ಹಾಕಿದ್ದೀನಿ ನೋಡು. ಬಿಟ್ಟುಬಿಡೋಣ ಅಂದ್ರೆ ವಸಡು ಎರಡು ಸಲ ಊದಿಕೊಂಡು ಬಾಯಿ ತೆರೆಯೋಕೇ ಆಗಿರಲಿಲ್ಲ.

ಮೇಘನಾ: ಕೆಳಗಿನ ಬಲಗಡೆದು ಮುಂದಕ್ಕೆ ಒರಗಿದೆ. ಬೇರಿನ ತುದಿ ನರದ ಹತ್ತಿರ ಇದ್ದ ಹಾಗಿದೆ. ನರಕ್ಕೆ ಪೆಟ್ಟಾದ್ರೆ ಕೆಳತುಟಿ, ಗದ್ದ ಜೋಮು ಹಿಡಿದ ಹಾಗಾಗುತ್ತೆ. ಬಹಳ ಜನಕ್ಕೆ ನಿಧಾನಕ್ಕೆ ಸರಿಹೋಗುತ್ತೆ, ಅಪರೂಪಕ್ಕೆ ಹಾಗೇ ಉಳಿಯೋದೂ ಉಂಟು. ಅದಕ್ಕೇ ಗಂಟೆ ಕೇಳಿದ್ದಾರೆ. ಫೋನಲ್ಲಿ ನೋಡಿ ನಾನು ಇಷ್ಟೇ ಹೇಳಬಹುದು, ಮಿಕ್ಕಿದ್ದು ಅವರನ್ನೇ ಕೇಳು.

ಪವನ್: ಕೊರೀವಾಗ ನೋಯುತ್ತಾ?

ಮೇಘನಾ: ಒತ್ತೋದು, ಎಳೆಯೋದು, ಸದ್ದು ಎಲ್ಲ ಗೊತ್ತಾಗುತ್ತೆ. ಚುಚ್ಚಿದ ಹಾಗಾದ್ರೆ ಕೈ ಎತ್ತು, ಇನ್ನೊಂದು ಇಂಜೆಕ್ಷನ್ ಕೊಡ್ತಾರೆ.

ಪವನ್: ಮಾರನೇ ದಿನ ಆಫೀಸಿಗೆ ಹೋಗಬಹುದಲ್ಲ?

ವಸಂತತ್ತೆ: ಗಂಟೆ ಲೆಕ್ಕ ಹಾಕ್ತಾ ಕೂತಿದ್ದಾನೆ! ನನ್ನ ಕೆನ್ನೆ ಇಳಿಯೋಕೆ ಒಂದು ವಾರ ಹಿಡೀತು.

ಮೇಘನಾ: ಅತ್ತೆ ಹೇಳಿದ್ದೇ ಕೇಳು. ಊತ ಎರಡು-ಮೂರನೇ ದಿನಕ್ಕೆ ಜಾಸ್ತಿ ಆಗಿ ಆಮೇಲೆ ಇಳಿಯುತ್ತೆ, ರಜೆ ಅದನ್ನ ನೋಡ್ಕೊಂಡು ಹಾಕು. ಗುಳಿಯಲ್ಲಿ ಹೆಪ್ಪುಗಟ್ಟಿದ ರಕ್ತ ಎದ್ದು ಹೋಗಬಾರದು. ಸ್ಟ್ರಾ, ಸಿಗರೇಟು, ಜೋರಾಗಿ ಉಗಿಯೋದು ಬೇಡ. ಎದ್ದು ಹೋದ್ರೆ ಮೂರು-ನಾಲ್ಕು ದಿನ ಬಿಟ್ಟು ಕಿವಿ ತನಕ ನೋವು ಬರುತ್ತೆ.

ದೊಡ್ಡಪ್ಪ: ಸಿಗರೇಟು ಅಂದಿದ್ದು ಕೇಳಿಸ್ತಾ ಪವನ್?

ಪವನ್: ನಾನೆಲ್ಲಿ ಸೇದ್ತೀನಿ ದೊಡ್ಡಪ್ಪ!!

ಶ್ರೀಧರ ಚಿಕ್ಕಪ್ಪ: ಈ ಮೆಸೇಜ್ ಅಳಿಸಲಾಗಿದೆ

ವಸಂತತ್ತೆ: ಅಯ್ಯೋ ಶ್ರೀಧರ, ‘ಮೇಘನಾ ಹೇಳಿದ್ದೇ ಸರಿ’ ಅಂತ ಹಾಕಿದ್ಯಲ್ಲ, ಅದನ್ನೇ ಅಳಿಸಿಬಿಟ್ಯಲ್ಲೋ. ಫಾರ್ವರ್ಡ್ ಇನ್ನೂ ಅಲ್ಲೇ ಕೂತಿದೆ.