ಆರು ವರ್ಷ ಆಡಿದ ಬದಲಿ ಲೈನ್‌ಮನ್‌ನನ್ನು ಕೈಬಿಟ್ಟು, ಸೋಲುವ ಹುಡುಗನನ್ನು ಇಟ್ಟುಕೊಂಡದ್ದು ಏಕೆ?

ಆರನೆಯವನ ತಾಯಿ:

ತಂಡದ ಹೆಸರು ಹೇಳುವುದಿಲ್ಲ. ಹೇಳಿದರೆ ನನ್ನ ಪ್ರಶ್ನೆ ಮೂಲೆಗೆ ಸೇರಿ, ಆ ತಂಡದ ಕ್ವಾರ್ಟರ್‌ಬ್ಯಾಕ್ (ಚೆಂಡೆಸೆದು ಆಟ ನಡೆಸುವವನು) ಬಗ್ಗೆ ಜಗಳ ಶುರುವಾಗುತ್ತದೆ. ಆ ಜಗಳವನ್ನು ನಮ್ಮ ಮನೆಯಲ್ಲೇ ಬೇಕಾದಷ್ಟು ಕೇಳಿದ್ದೇನೆ.

ಅಮೆರಿಕಕ್ಕೆ ಬಂದು ಹದಿನಾಲ್ಕು ವರ್ಷವಾದರೂ ಅಮೆರಿಕನ್ ಫುಟ್‌ಬಾಲ್ ಕಡೆ ನಾನು ತಲೆಹಾಕಿರಲಿಲ್ಲ. ಎರಡು ವರ್ಷಗಳ ಹಿಂದೆ ಮಗ ಹೈಸ್ಕೂಲಿನ ತಂಡ ಸೇರಿದ. ಅವನ ಮೈಕಟ್ಟು ನೋಡಿದ ಕೋಚ್ ಬೇರೆ ಯೋಚನೆಯನ್ನೇ ಮಾಡದೆ ಲೈನಿಗೆ ಹಾಕಿದರು. ಕ್ವಾರ್ಟರ್‌ಬ್ಯಾಕ್‌ನನ್ನು ಕಾಯುವ ಈ ಲೈನಿನಲ್ಲಿ ನಿಲ್ಲುವವರು ಐದು ಮಂದಿ: ನಡುವೆ ಸೆಂಟರ್, ಅವನ ಎಡಬಲಕ್ಕೆ ಗಾರ್ಡ್‌ಗಳು, ಎರಡು ತುದಿಗಳಲ್ಲಿ ಟ್ಯಾಕಲ್‌ಗಳು. ನಮ್ಮವನು ಆರನೆಯವನು. ಐವರಲ್ಲಿ ಯಾರಾದರೂ ಕುಂಟಿದರೆ ಮಾತ್ರ ಅವನ ಸರದಿ. ಹಾಗಾಗಿ ಬೇರೆ ಹುಡುಗರ ತಾಯಂದಿರು ಚೆಂಡು ನೋಡುವಾಗ ನಾನು ಯಾರು ಕುಂಟುತ್ತಿದ್ದಾರೆ ಎಂದು ನೋಡುತ್ತೇನೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಸತ್ಯ ಅದೇ.

ಟಿವಿಯಲ್ಲಿ ನೋಡುವಾಗಲೂ ಅದೇ ಚಾಳಿ. ನಾವು ಬೆಂಬಲಿಸುವ ತಂಡದಲ್ಲಿ ಒಬ್ಬ ಬದಲಿ ಆಟಗಾರನಿದ್ದ. ಆರು ಋತು ಆಡಿದವನು, ಗಾರ್ಡ್ ಸ್ಥಾನಕ್ಕೂ ಸೆಂಟರ್ ಸ್ಥಾನಕ್ಕೂ ಒದಗುತ್ತಿದ್ದವನು. ಕಳೆದ ವರ್ಷ ಒಂದು ಪಂದ್ಯದ ಮೂರನೆಯ ಕ್ವಾರ್ಟರಿನಲ್ಲಿ ಸೆಂಟರ್‌ನ ಪಾದ ಹೊರಳಿತು. ಇವನು ಹೆಲ್ಮೆಟ್ ಏರಿಸಿಕೊಂಡು ಓಡಿಬಂದು ಮೊದಲ ಸ್ನ್ಯಾಪನ್ನೇ (ಕಾಲ ನಡುವಿನಿಂದ ಚೆಂಡನ್ನು ಹಿಂದಕ್ಕೆ ಕೊಡುವುದು) ಎಷ್ಟು ಸಲೀಸಾಗಿ ಕೊಟ್ಟನೆಂದರೆ, ಆಟಗಾರ ಬದಲಾದದ್ದೇ ನನ್ನ ಗಂಡನಿಗೆ ಗೊತ್ತಾಗಲಿಲ್ಲ. ವೀಕ್ಷಕ ವಿವರಣೆಯವರು ಆ ರಾತ್ರಿ ಅವನ ಹೆಸರನ್ನು ಹೇಳಿದ್ದು ಒಂದೇ ಸಲ, ಅದೂ ತಪ್ಪಾಗಿ. ನನ್ನ ಮಗ ಮಾತ್ರ ಮರುದಿನದಿಂದ ಗ್ಯಾರೇಜಿನ ಬಾಗಿಲ ಕಡೆಗೆ ಸ್ನ್ಯಾಪ್ ಅಭ್ಯಾಸ ಶುರುಮಾಡಿದ. ಬಾಗಿಲಿನಲ್ಲಿ ಈಗ ನಾಲ್ಕು ಗುಳಿಗಳಿವೆ.

ಈ ಮಂಗಳವಾರ ಪಟ್ಟಿ ಕಡಿತಗೊಳಿಸುವಾಗ ಅವನನ್ನು ಬಿಡುಗಡೆ ಮಾಡಿದರು. ಅವನ ಜಾಗದಲ್ಲಿ ಉಳಿದವನು ಈ ವರ್ಷ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸುವಾಗ ಐದನೆಯ ಸುತ್ತಿನಲ್ಲಿ ಆಯ್ಕೆಯಾದ ಹುಡುಗ. ಋತುಪೂರ್ವ ಪಂದ್ಯಗಳಲ್ಲಿ ಅವನನ್ನು ಎದುರಾಳಿಗಳು ಬಾಗಿಲು ತಳ್ಳಿದ ಹಾಗೆ ತಳ್ಳಿಕೊಂಡು ಹೋದರು. ಒಂದೇ ಪಂದ್ಯದಲ್ಲಿ ಎರಡು ಬಾರಿ ಎದುರಾಳಿಯನ್ನು ಹಿಡಿದೆಳೆದು ಹತ್ತು ಹತ್ತು ಗಜ ದಂಡ ತಂದ. ಚೆನ್ನಾಗಿ ಆಡುವವನನ್ನು ಮನೆಗೆ ಕಳುಹಿಸಿ ಆಡಲು ಬಾರದವನನ್ನು ಇಟ್ಟುಕೊಳ್ಳುವುದರ ಹಿಂದಿನ ತರ್ಕವೇನು? ಮಗ ಕೇಳುತ್ತಿದ್ದಾನೆ. ನನ್ನಲ್ಲಿ ಉತ್ತರವಿಲ್ಲ.

ಲೆಕ್ಕಿಗ:

ಉತ್ತರ ಸರಳ, ಹಣ. ಹೊಸಬ ಅಗ್ಗ, ಹಳಬ ದುಬಾರಿ. 2024ರ ದರದಲ್ಲಿ ಹೊಸಬನ ಕನಿಷ್ಠ ಸಂಬಳ 7,95,000 ಡಾಲರ್. ನಾಲ್ಕರಿಂದ ಆರು ಋತು ಆಡಿದವನಿಗೆ 11,25,000. ಯಾವ ಕಚೇರಿಯಲ್ಲಾದರೂ ನಡೆಯುವುದು ಇದೇ ಅಲ್ಲವೇ?

ಟೇಪು ತಿರುಗಿಸುವವನು:

ಲೆಕ್ಕಿಗರೇ, ಅರ್ಧ ಲೆಕ್ಕ ಮಾಡಿ ಎದ್ದುಬಿಟ್ಟಿರಿ. ನಾಲ್ಕು ಋತು ಅಥವಾ ಹೆಚ್ಚು ಆಡಿದವನು ಕನಿಷ್ಠ ಸಂಬಳಕ್ಕೆ ಒಂದು ವರ್ಷದ ಒಪ್ಪಂದ ಮಾಡಿಕೊಂಡರೆ, ತಂಡದ ಒಟ್ಟು ಸಂಬಳಕ್ಕೆ ಲೀಗ್ ಹಾಕಿದ ಮಿತಿಯೊಳಗೆ ಅವನನ್ನು ಎರಡು ಋತು ಆಡಿದವನ ದರದಲ್ಲೇ ಲೆಕ್ಕ ಹಿಡಿಯುವ ರಿಯಾಯಿತಿ ಇದೆ. ಅನುಭವಿಗಳು ಬರೀ ಬೆಲೆಯ ಕಾರಣಕ್ಕೆ ಬೀದಿಗೆ ಬೀಳಬಾರದೆಂದೇ ಮಾಡಿದ ಏರ್ಪಾಡು ಅದು. 2024ರಲ್ಲಿ ಆ ದರ 9,85,000 ಡಾಲರ್. ಇಬ್ಬರ ನಡುವಿನ ಅಂತರ ಎರಡು ಲಕ್ಷ ಡಾಲರೂ ಆಗಲಿಲ್ಲ. ಆ ವರ್ಷ ಒಂದೊಂದು ತಂಡಕ್ಕಿದ್ದ ಸಂಬಳದ ಮಿತಿ 25 ಕೋಟಿ 54 ಲಕ್ಷ. ಇಷ್ಟು ಹಣವಿಟ್ಟುಕೊಂಡವರು ಎರಡು ಲಕ್ಷ ಉಳಿಸಲು ಕ್ವಾರ್ಟರ್‌ಬ್ಯಾಕ್‌ನ ಪಕ್ಕೆಲುಬನ್ನು ಪಣಕ್ಕಿಡುವುದಿಲ್ಲ.

ಅಕ್ಕಾ, ನೀವು ನೋಡಬೇಕಾದದ್ದು ದಿನಾಂಕವನ್ನು. ಯಾರನ್ನು ಬಿಟ್ಟರು ಎಂಬುದಕ್ಕಿಂತ ಯಾವ ದಿನ ಬಿಟ್ಟರು ಎಂಬುದು ಹೆಚ್ಚು ಹೇಳುತ್ತದೆ.

ಆಗಸ್ಟ್ ಕೊನೆಯ ಆ ಮಂಗಳವಾರ 90 ಮಂದಿಯ ಪಟ್ಟಿ 53ಕ್ಕೆ ಇಳಿಯಬೇಕು. 2023ರಿಂದ ಇದು ಒಂದೇ ಏಟಿನ ಕೆಲಸ. ಆ ದಿನ ನಾಲ್ಕು ಋತು ಪೂರೈಸದ ಆಟಗಾರನನ್ನು ಬಿಟ್ಟರೆ ಅವನು ವೇವರ್ ಪಟ್ಟಿಗೆ ಹೋಗುತ್ತಾನೆ. ಉಳಿದ 31 ತಂಡಗಳಲ್ಲಿ ಯಾವುದು ಬೇಕಾದರೂ 24 ಗಂಟೆಯೊಳಗೆ ಅವನ ಮೇಲೆ ಕೈಯಿಡಬಹುದು. ಹುಡುಗ ತನಗೆ ಬೇಡವೆಂದರೂ ಹೋಗಲೇಬೇಕು. ನಾಲ್ಕು ಋತು ಪೂರೈಸಿದವನಿಗೆ ಈ ಗೊಡವೆಯಿಲ್ಲ. ಬಿಟ್ಟ ಗಳಿಗೆಯಿಂದ ಅವನು ಸ್ವತಂತ್ರ, ಯಾರ ಜೊತೆ ಬೇಕಾದರೂ ಸಹಿ ಮಾಡಬಹುದು, ಮನೆಯಲ್ಲಿ ಕುಳಿತು ಕಾಯಲೂಬಹುದು. ಹಾಗಾಗಿ ತಂಡ ಹುಡುಗನನ್ನು ಬಿಟ್ಟರೆ ಶಾಶ್ವತವಾಗಿ ಕಳೆದುಕೊಳ್ಳುವ ಭಯ. ಹಳಬನನ್ನು ಬಿಟ್ಟರೆ, ಮೊದಲೇ ಮಾತಾಡಿಕೊಂಡಿದ್ದರೆ, ಮರುದಿನವೇ ವಾಪಸು ಕರೆಯಬಹುದು.

ಮರುದಿನ ಜಾಗ ಎಲ್ಲಿಂದ ಬರುತ್ತದೆ? ಗಾಯಾಳುಗಳ ಪಟ್ಟಿಯಿಂದ. ಗಾಯಗೊಂಡವನು ಇದೇ ವರ್ಷ ಮರಳಿ ಆಡಬೇಕಾದರೆ ಸಾಮಾನ್ಯವಾಗಿ ಅವನನ್ನು ಮೊದಲು ಆ 53ರಲ್ಲಿ ಸೇರಿಸಿಕೊಂಡು, ನಂತರ ಗಾಯಾಳುಗಳ ಪಟ್ಟಿಗೆ ಕಳುಹಿಸಬೇಕು. ಮಂಗಳವಾರ ಸಂಜೆಯ 53ರಲ್ಲಿ ಆಡಲಾಗದವರೂ ಇರುತ್ತಾರೆ. ಬುಧವಾರ ಅವರು ಹೊರಗೆ, ಹಳಬರು ಒಳಗೆ. ಈ ಆಟಕ್ಕೆ ಹೊಸಬರಾದವರು ಮಂಗಳವಾರದ ಪಟ್ಟಿ ನೋಡಿ ಗೋಳಾಡುತ್ತಾರೆ. ಹಳೆಯ ಅಭಿಮಾನಿಗಳು ಗುರುವಾರ ನೋಡುತ್ತಾರೆ.

ಒಂದು ವಾರ ತಡಮಾಡಿ ಕರೆಯುವವರೂ ಇದ್ದಾರೆ. ನಾಲ್ಕು ಋತು ಪೂರೈಸಿದವನು ಮೊದಲ ವಾರದ ಪಟ್ಟಿಯಲ್ಲಿದ್ದರೆ, ಆಮೇಲೆ ಕೈಬಿಟ್ಟರೂ ಆ ವರ್ಷದ ಬಾಕಿ ಸಂಬಳವನ್ನು ಅವನು ಹಕ್ಕಿನಿಂದ ಕೇಳಬಹುದು. ಎರಡನೆಯ ವಾರ ಕರೆದರೆ ಅಷ್ಟು ದೊಡ್ಡ ಹೊಣೆ ಇಲ್ಲ. ಲೆಕ್ಕಿಗರ ಹಣದ ಮಾತು ಸರಿಹೊಂದುವುದು ಇಲ್ಲಿ ಮಾತ್ರ.

ಇನ್ನು ಆ ಹುಡುಗ. ಫಿಲಡೆಲ್ಫಿಯಾ ಈಗಲ್ಸ್ 2016ರಲ್ಲಿ ಐದನೆಯ ಸುತ್ತಿನಲ್ಲಿ ಹಲಪೌಲಿವಾತಿ ವೈಟೈ ಎಂಬ ಟ್ಯಾಕಲ್‌ನನ್ನು ಆರಿಸಿತು. ಅಕ್ಟೋಬರಿನಲ್ಲಿ ವಾಷಿಂಗ್ಟನ್ ವಿರುದ್ಧ ಮೊದಲ ಬಾರಿ ಆರಂಭದಿಂದ ಆಡಿದಾಗ ರಯಾನ್ ಕೆರಿಗನ್ ಎದುರು ಅವನು ಪಟ್ಟ ಪಾಡನ್ನು ನಾನು ನೋಡಿದ್ದೇನೆ, ನನ್ನ ಶತ್ರುವಿಗೂ ಬೇಡ. ಹದಿನಾರು ತಿಂಗಳ ನಂತರ, 2018ರ ಫೆಬ್ರವರಿ 4ರಂದು, ಜೇಸನ್ ಪೀಟರ್ಸ್‌ನ ಮಂಡಿ ಕೆಟ್ಟಿದ್ದರಿಂದ ಲೀಗಿನ ಫೈನಲ್ ಆದ ಸೂಪರ್ ಬೌಲ್‌ನಲ್ಲಿ ಎಡ ಟ್ಯಾಕಲ್ ಜಾಗದಲ್ಲಿ ನಿಂತವನು ಇದೇ ವೈಟೈ. ಈಗಲ್ಸ್ 41-33ರಿಂದ ಗೆದ್ದಿತು. ಆ ಪೀಟರ್ಸ್ ಕೂಡ 2004ರಲ್ಲಿ ಯಾರೂ ಆರಿಸದ ಟೈಟ್ ಎಂಡ್ (ಲೈನಿನ ತುದಿಯಲ್ಲಿ ನಿಂತು ಎದುರಾಳಿಯನ್ನು ತಡೆಯುವ, ಚೆಂಡನ್ನೂ ಹಿಡಿಯುವ ಆಟಗಾರ). ಬಫಲೊ ತಂಡ ಮೊದಲು ಕೈಬಿಟ್ಟು, 53ರ ಹೊರಗಿನ ಅಭ್ಯಾಸ ಬಳಗದಲ್ಲಿ ಇಟ್ಟುಕೊಂಡು, ಟ್ಯಾಕಲ್ ಮಾಡಿತು. ಮುಂದೆ ಒಂಬತ್ತು ಬಾರಿ ಲೀಗಿನ ಶ್ರೇಷ್ಠರ ಪಂದ್ಯವಾದ ಪ್ರೊ ಬೌಲ್‌ಗೆ ಆಯ್ಕೆಯಾದ. ಆಗಸ್ಟಿನಲ್ಲಿ ತಳ್ಳಿಸಿಕೊಂಡವನು ಎಂದು ಯಾರನ್ನೂ ಬರೆದುಹಾಕಬೇಡಿ.

ಕೆಂಪು ಅಂಗಿ:

ಟೇಪಿನವರು ಹೇಳಿದ್ದೆಲ್ಲ ನಿಯಮಪುಸ್ತಕಕ್ಕೆ ಸರಿ. ಆದರೆ ನಾನು ಕಾನ್ಸಾಸ್ ಸಿಟಿ ಅಭಿಮಾನಿ, 2021ರ ಫೆಬ್ರವರಿ 7 ನನಗೆ ಮರೆಯುವುದಿಲ್ಲ. ಬಲ ಟ್ಯಾಕಲ್ ಮಿಚೆಲ್ ಶ್ವಾರ್ಟ್ಸ್ ಬೆನ್ನುನೋವಿನಿಂದ ಹೊರಗೆ. ಎಡ ಟ್ಯಾಕಲ್ ಎರಿಕ್ ಫಿಷರ್ ಹಿಂದಿನ ಪಂದ್ಯದಲ್ಲೇ ಹಿಮ್ಮಡಿಯ ಸ್ನಾಯು ಹರಿದುಕೊಂಡಿದ್ದ. ಇದ್ದವರನ್ನೇ ಅತ್ತಿಂದಿತ್ತ ಸರಿಸಿ ನಿಲ್ಲಿಸಿದರು. ಪ್ಯಾಟ್ರಿಕ್ ಮಹೋಮ್ಸ್ ಮೇಲೆ ಟ್ಯಾಂಪಾ ಬೇ 29 ಬಾರಿ ಒತ್ತಡ ತಂದಿತು, ಸೂಪರ್ ಬೌಲ್ ದಾಖಲೆ. 31-9. ನಮಗೆ ಒಂದು ಟಚ್‌ಡೌನ್ ಕೂಡ ಇಲ್ಲ.

ಆ ದಿನ ನಮ್ಮ ಬಲ ಗಾರ್ಡ್ ಆಗಿ ಆಡಿದವನು ಸ್ಟೆಫೆನ್ ವಿಸ್ನೆವ್ಸ್ಕಿ. ಅದಕ್ಕೆ ಎರಡು-ಮೂರು ತಿಂಗಳ ಹಿಂದೆ ಪಿಟ್ಸ್‌ಬರ್ಗ್ ಕೈಬಿಟ್ಟಿದ್ದ ಆಟಗಾರ. ಅವನು ಅಷ್ಟರಲ್ಲಾಗಲೇ ಈಗಲ್ಸ್ ಜೊತೆ ಒಂದು, ನಮ್ಮ ಜೊತೆ ಒಂದು, ಹೀಗೆ ಎರಡು ಸೂಪರ್ ಬೌಲ್ ಗೆದ್ದವನು. ಒಂದು ತಂಡಕ್ಕೆ ಬೇಡವಾದವನು ಇನ್ನೊಂದು ತಂಡದ ಅತಿದೊಡ್ಡ ಪಂದ್ಯದಲ್ಲಿ ಆರಂಭದಿಂದ ಆಡುತ್ತಾನೆ. ಲೈನ್‌ಮನ್‌ಗಳ ವಿಷಯದಲ್ಲಿ ಎಲ್ಲರೂ ಬೆಂಕಿ ಬಿದ್ದ ಮೇಲೆ ಬಾವಿ ತೋಡುವವರೇ. ಬುಧವಾರ ಕರೆಯುತ್ತೇವೆ, ಎರಡನೆಯ ವಾರ ಕರೆಯುತ್ತೇವೆ ಎನ್ನುವ ಜಾಣತನ ಅವನು ಫೋನ್ ಎತ್ತುವವರೆಗೆ ಮಾತ್ರ.

ಟೇಪು ತಿರುಗಿಸುವವನು:

ಒಪ್ಪಿದೆ. ಒಪ್ಪಂದವಿಲ್ಲದ ಮಾತು ಮಾತೇ. ಆದರೆ ಲೀಗ್ ಕೂಡ ಈ ಬಾವಿಯ ಬಗ್ಗೆ ಯೋಚಿಸಿದೆ ಎನ್ನುವುದನ್ನು ಸೇರಿಸುತ್ತೇನೆ. 2020ರಿಂದ ಪಂದ್ಯದ ದಿನ ಎಂಟು ಲೈನ್‌ಮನ್‌ಗಳನ್ನು ಸಜ್ಜುಗೊಳಿಸಿದ ತಂಡ 48 ಆಟಗಾರರನ್ನು ಇಳಿಸಬಹುದು, ಇಲ್ಲದಿದ್ದರೆ 47. ಜೊತೆಗೆ 16 ಮಂದಿಯ ಅಭ್ಯಾಸ ಬಳಗವಿದೆ. ಅದರಿಂದ ಪಂದ್ಯಕ್ಕೆ ಇಬ್ಬರನ್ನು ಮೇಲಕ್ಕೆ ತರಬಹುದು, ಒಬ್ಬನನ್ನೇ ಋತುವಿನಲ್ಲಿ ಮೂರು ಬಾರಿ. ಅನುಭವಿಗಳಿಗೂ ಈಗ ಆ ಬಳಗದಲ್ಲಿ ಜಾಗವಿದೆ. ನಿಮ್ಮವನು ಅಲ್ಲಿಗೂ ಬರಬಹುದು ಅಕ್ಕಾ. ಮರ್ಯಾದೆ ಸ್ವಲ್ಪ ಕಡಿಮೆ, ಕೆಲಸ ಅದೇ.

ಆರನೆಯವನ ತಾಯಿ:

ಎಲ್ಲರಿಗೂ ಧನ್ಯವಾದ. ಹತ್ತು ದಿನ ತಡವಾಗಿ ಬರೆಯುತ್ತಿದ್ದೇನೆ, ನಡುವೆ ಬಹಳ ನಡೆಯಿತು.

ಟೇಪಿನವರು ಹೇಳಿದಂತೆಯೇ ಬುಧವಾರ ಇಬ್ಬರು ಗಾಯಾಳುಗಳ ಪಟ್ಟಿಗೆ ಹೋದರು. ಎರಡು ಜಾಗ ತೆರವಾಯಿತು. ಮಗ ಶಾಲೆಯಿಂದ ಬಂದವನೇ ಫೋನ್ ಹಿಡಿದು ಕುಳಿತ. ಒಂದು ಜಾಗಕ್ಕೆ ಬೇರೆ ತಂಡ ಬಿಟ್ಟಿದ್ದ ಕಾರ್ನರ್‌ಬ್ಯಾಕ್ ಬಂದ. ಇನ್ನೊಂದು ಜಾಗ ರಾತ್ರಿಯವರೆಗೂ ಖಾಲಿ ಇತ್ತು. ಅದು ನಮ್ಮವನಿಗೇ ಎಂದು ನಾವಿಬ್ಬರೂ ನಿಶ್ಚಯಿಸಿಬಿಟ್ಟಿದ್ದೆವು. ಗುರುವಾರ ಬೆಳಿಗ್ಗೆ ಗೊತ್ತಾಯಿತು, ಅವನು ನಮ್ಮದೇ ವಿಭಾಗದ ಇನ್ನೊಂದು ತಂಡಕ್ಕೆ ಸಹಿ ಹಾಕಿದ್ದಾನೆ. ಅವರ ಸೆಂಟರ್ ಅಭ್ಯಾಸದಲ್ಲಿ ಬಿದ್ದು ಕೈ ಮುರಿದುಕೊಂಡಿದ್ದನಂತೆ. ಕೆಂಪು ಅಂಗಿಯವರು ಹೇಳಿದ ಫೋನ್ ಬಂದದ್ದು ಬೇರೆ ಮನೆಯಿಂದ.

ಮಗ ಅಳಲಿಲ್ಲ, ಹದಿನಾರು ವರ್ಷದವನು ಅಳುವುದೂ ಇಲ್ಲ. "ಅಲ್ಲಿ ಅವನು ಮೊದಲ ಐವರಲ್ಲಿ ಒಬ್ಬ ಅಮ್ಮಾ" ಎಂದ. ನನಗೆ ಅದು ಹೊಳೆದೇ ಇರಲಿಲ್ಲ. ಬಿಟ್ಟರು, ಬಿಟ್ಟರು ಎಂದು ನಾನು ಗೊಣಗುತ್ತಿದ್ದಾಗ ಅವನು ಬೇರೆ ಲೆಕ್ಕ ಹಾಕುತ್ತಿದ್ದ.

ಮೊದಲ ಪಂದ್ಯ ನೋಡಿದೆವು. ನಮ್ಮ ಐದನೆಯ ಸುತ್ತಿನ ಹುಡುಗ ಒಂದೂ ಸ್ನ್ಯಾಪ್ ಆಡಲಿಲ್ಲ. ಅಂಚಿನಲ್ಲಿ ಹೆಲ್ಮೆಟ್ ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದ. ಒಂದು ಬಾರಿ ಎಡ ಗಾರ್ಡ್ ಏಳಲು ತಡಮಾಡಿದಾಗ ಇವನು ಹೆಲ್ಮೆಟ್ ಹಾಕಿ, ಪಟ್ಟಿ ಬಿಗಿದು, ಎರಡು ಹೆಜ್ಜೆ ಮುಂದೆ ಬಂದ. ಗಾರ್ಡ್ ಎದ್ದ. ಇವನು ಹೆಲ್ಮೆಟ್ ತೆಗೆದ. ಅವನ ಮೇಲಿದ್ದ ಸಿಟ್ಟು ನನಗೆ ಅಲ್ಲಿಗೇ ಇಳಿದುಹೋಯಿತು. ಅವನ ತಾಯಿಯೂ ಎಲ್ಲೋ ಕುಳಿತು ಯಾರು ಕುಂಟುತ್ತಿದ್ದಾರೆ ಎಂದೇ ನೋಡುತ್ತಿರಬೇಕು.

ಈಗ ಇನ್ನೊಂದು ಪ್ರಶ್ನೆ. ಅಕ್ಟೋಬರಿನಲ್ಲಿ ಆ ಹಳಬ ಸೇರಿದ ತಂಡ ನಮ್ಮ ಮೇಲೆ ಆಡಲಿದೆ. ಸ್ನ್ಯಾಪ್‌ಗೆ ಮೊದಲು ಎದುರಾಳಿಯ ಲೈನಿನ ಹಿಂದೆ ನಿಲ್ಲುವ ಲೈನ್‌ಬ್ಯಾಕರ್‌ಗಳನ್ನು ನೋಡಿ, ಯಾರು ಯಾರನ್ನು ತಡೆಯಬೇಕು ಎಂದು ಕೂಗಿ ಹೇಳುವವನು ಸೆಂಟರ್ ಎಂದು ಮಗ ಹೇಳುತ್ತಾನೆ. ಹಾಗಾದರೆ ನಮ್ಮ ತಂಡದ ಗುಟ್ಟಿನ ಪದಗಳೆಲ್ಲ ಅವನಿಗೆ ಬಾಯಿಪಾಠವಲ್ಲವೇ? ಅದನ್ನು ಹೊಸ ತಂಡಕ್ಕೆ ಹೇಳಿಕೊಡುವುದು ಮೋಸವಾಗುವುದಿಲ್ಲವೇ?

ಟೇಪು ತಿರುಗಿಸುವವನು:

ಮೋಸವಲ್ಲ ಅಕ್ಕಾ, ಎಲ್ಲರೂ ಕೇಳುತ್ತಾರೆ, ಎಲ್ಲರೂ ಹೇಳುತ್ತಾರೆ. ಮುಂದಿನ ಎದುರಾಳಿ ಕೈಬಿಟ್ಟವನನ್ನು ಅದಕ್ಕಾಗಿಯೇ ವಾರದ ಮಟ್ಟಿಗೆ ಅಭ್ಯಾಸ ಬಳಗಕ್ಕೆ ಕರೆದುಕೊಳ್ಳುವವರೂ ಇದ್ದಾರೆ. ಆದ್ದರಿಂದ ನಿಮ್ಮ ತಂಡ ಆ ವಾರ ಪದಗಳನ್ನು ಬದಲಿಸುತ್ತದೆ. ಬದಲಿಸುವಾಗ ತಮ್ಮವರೇ ಒಬ್ಬಿಬ್ಬರು ಹಳೆಯದನ್ನು ಕೂಗಿ ಎಡವಟ್ಟು ಮಾಡುವುದುಂಟು. ಮೊದಲ ಕ್ವಾರ್ಟರಿನಲ್ಲಿ ನಿಮ್ಮ ಗಾರ್ಡ್‌ಗಳನ್ನು ನೋಡುತ್ತಿರಿ, ಚೆಂಡನ್ನು ಹೇಗೂ ನೀವು ನೋಡುವುದಿಲ್ಲ.

ಆರನೆಯವನ ತಾಯಿ:

ಆ ದಿನವನ್ನು ಮಗ ಫ್ರಿಜ್ ಮೇಲಿನ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿಟ್ಟಿದ್ದಾನೆ. ಯಾರ ಪರ ಕೂಗುವುದು ಎಂದು ಅವನನ್ನು ಕೇಳಿದೆ. ನಮ್ಮ ತಂಡ ಗೆಲ್ಲಬೇಕು, ಆದರೆ ಅವನು ಒಂದೂ ಸ್ಯಾಕ್ (ಕ್ವಾರ್ಟರ್‌ಬ್ಯಾಕ್‌ನನ್ನು ಚೆಂಡಿನ ಸಮೇತ ಕೆಡವುವುದು) ಬಿಟ್ಟುಕೊಡಬಾರದು ಎಂದ. ಅವನ ಅಪ್ಪ, ಹಾಗಾದರೆ ನಾವು ಗೆಲ್ಲುವುದು ಹೇಗಪ್ಪಾ ಎಂದು ಕೇಳುತ್ತಿದ್ದಾರೆ.